ಸರ್ವರ್ ಕ್ಲಸ್ಟರ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಯಾದಗಿರಿಯಿಂದ ಪ್ರಶ್ನೆ: ಅಣ್ಣಂದಿರೇ, ಡಿಪ್ಲೊಮಾ ಮುಗಿಸಿ ಒಂದು ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ವರ್ಚುವಲೈಸೇಶನ್ (ಒಂದೇ ಮಷಿನ್ನಿನೊಳಗೆ ಹಲವು ಕಂಪ್ಯೂಟರ್ ಓಡಿಸೋದು), ಹೈ ಅವೈಲಬಿಲಿಟಿ ಅಂದರೆ ಎಚ್‌ಎ ಕ್ಲಸ್ಟರ್ (ಒಂದು ಮಷಿನ್ ಕೆಟ್ಟರೆ ಅದರ ಕೆಲಸವನ್ನು ಉಳಿದವು ಎತ್ತಿಕೊಳ್ಳುವ ಗುಂಪು) ಕಲಿಯುವ ಆಸೆ. ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡುವಷ್ಟು ದುಡ್ಡಿಲ್ಲ. ಮನೆಯಲ್ಲಿ 16 ಜಿಬಿ ರ‍್ಯಾಮ್ ಇರುವ ಒಂದು ಪಿಸಿ ಇದೆ. ಸಾಕಾ?

ಬೀದರ್‌ನಿಂದ: ಶುರು ಮಾಡೋಕೆ ಸಾಕು. ಮೊದಲು ಬಯಾಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಅಂತ ಇರುತ್ತೆ. ಆಮೇಲೆ ವರ್ಚುವಲೈಸೇಶನ್ ನಡೆಸುವ ಪ್ರಾಕ್ಸ್‌ಮಾಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಒಳಗೆ ಲಿನಕ್ಸಿನದೇ ವರ್ಚುವಲೈಸೇಶನ್ ಆದ ಕೆವಿಎಂ, ದುಡ್ಡು ಕೊಡಬೇಕಿಲ್ಲ. ಅಪ್‌ಡೇಟ್ ಮಾಡುವಾಗ ಎರರ್ ಬಂದರೆ ಗಾಬರಿ ಬೇಡ. ಅದು ದುಡ್ಡು ಕೊಟ್ಟವರ ರೆಪಾಸಿಟರಿ (ಅಪ್‌ಡೇಟ್ ಸಿಗುವ ಜಾಗ), ಅದನ್ನು ತೆಗೆದು ನೋ-ಸಬ್‌ಸ್ಕ್ರಿಪ್ಶನ್ ಹಾಕಿ.

ಅದರೊಳಗೇ ತಲಾ 4 ಜಿಬಿಯ ಮೂರು ವಿಎಂ (ವರ್ಚುವಲ್ ಮಷಿನ್) ಮಾಡಿ, ಸಿಪಿಯು ಟೈಪ್ 'ಹೋಸ್ಟ್' ಇಡಿ, ಮೂರರಲ್ಲೂ ಮತ್ತೆ ಪ್ರಾಕ್ಸ್‌ಮಾಕ್ಸ್ ಹಾಕಿ. ತೆವಳುತ್ತೆ, ಆದರೆ ಕ್ಲಸ್ಟರ್ ಆಗುತ್ತೆ.

ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ವಿಎಂವೇರ್ ಬೇಡವಾ ಅಂತ ಕೇಳಬಹುದು. 2023ರಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಅದರಲ್ಲಿ ವಿಎಂ ಓಡಿಸುವ ಉಚಿತ ಇಎಸ್‌ಎಕ್ಸ್‌ಐ 2024ರಲ್ಲಿ ನಿಂತು 2025ರಲ್ಲಿ ವಾಪಸ್ ಬಂತು. ಆದರೆ ಉಚಿತದ್ದನ್ನು ವಿಸೆಂಟರ್‌ಗೆ (ಹಲವು ಮಷಿನ್ ಒಟ್ಟಿಗೆ ನಡೆಸುವ ಅವರದೇ ಸಾಫ್ಟ್‌ವೇರ್) ಸೇರಿಸೋಕಾಗಲ್ಲ. ಅಂದಮೇಲೆ ಎಚ್‌ಎ ಕಲಿಯೋದು ಎಲ್ಲಿ?

ಕಲಬುರಗಿಯಿಂದ: ತಮ್ಮಾ, ನನ್ನ ಕಥೆ ಕೇಳು. ಒಂದು ಆಫೀಸಿಗೆ ಮೂರು ಹಳೆ ಮಿನಿ ಪಿಸಿ ಜೋಡಿಸಿ ಕ್ಲಸ್ಟರ್ ಮಾಡಿಕೊಟ್ಟಿದ್ದೆ. ಮೇ ತಿಂಗಳು. ನಮ್ಮೂರ ಮೇ ಗೊತ್ತಲ್ಲ, ಗೋಡೆ ಮುಟ್ಟಿದರೂ ಬಿಸಿ. ಮಧ್ಯಾಹ್ನ ಕರೆಂಟ್ ಹೋದಾಗೆಲ್ಲ ಒಂದು ನಿಮಿಷದಲ್ಲಿ ಮೂರೂ ಮಷಿನ್ ರೀಸ್ಟಾರ್ಟ್! ಮೂರಕ್ಕೂ ಯುಪಿಎಸ್ ಇತ್ತು. ಮತ್ತೆ ಎದ್ದರೂ ವಿಎಂಗಳು ಏಳುತ್ತಿರಲಿಲ್ಲ. ಕರೆಂಟ್ ಬಂದರೆ ಎಲ್ಲ ಸರಿ. ಬಿಸಿಗೇ ಹೀಗಾಗ್ತಿದೆ ಅಂತ ಫ್ಯಾನ್ ತಂದಿಟ್ಟೆ, ಥರ್ಮಲ್ ಪೇಸ್ಟ್ ಬದಲಿಸಿದೆ. ಒಂದು ವಾರ ಸುಮ್ನೆ ಹೋಯಿತು.

ಕೊನೆಗೆ ನೆಲಕ್ಕೆ ಕೂತು ವೈರ್ ಹಿಡಿದು ಹೋದರೆ, ನೆಟ್‌ವರ್ಕ್ ಸ್ವಿಚ್ಚಿನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿತ್ತು! ಯುಪಿಎಸ್‌ಗೆ ಹಾಕಿರಲೇ ಇಲ್ಲ. ಹಾಕಿದವನೂ ನಾನೇ. ಸ್ವಿಚ್ ಸತ್ತರೆ ಒಂದು ನೋಡ್‌ಗೆ (ಕ್ಲಸ್ಟರ್‌ನ ಮಷಿನ್‌ಗೆ) ಇನ್ನೊಂದು ಕಾಣಲ್ಲ. ನನ್ನ ಜೊತೆ ಯಾರೂ ಇಲ್ಲ ಅಂತ ಮೂರೂ ಅಂದುಕೊಳ್ಳುತ್ತವೆ. ಎಚ್‌ಎ ವಿಎಂ ನಡೆಸುತ್ತಿರುವ ನೋಡ್ ಹೀಗೆ ಒಂಟಿಯಾದರೆ ಸುಮಾರು 60 ಸೆಕೆಂಡಿಗೆ ವಾಚ್‌ಡಾಗ್ ಅನ್ನೋ ಕಾವಲು ಟೈಮರ್ ಅದನ್ನು ರೀಸ್ಟಾರ್ಟ್ ಮಾಡಿಬಿಡುತ್ತೆ. ಒಂದೇ ವಿಎಂ ಎರಡು ಕಡೆ ಓಡಿ ಡಿಸ್ಕ್ ಕೆಡಬಾರದು ಅಂತ ಹಾಗೆ. ಇದನ್ನೇ ಫೆನ್ಸಿಂಗ್ ಅನ್ನೋದು. ಕ್ಲಸ್ಟರ್ ಸರಿಯಾಗೇ ಕೆಲಸ ಮಾಡಿತ್ತು, ನೋಡು. ಈಗ ಎರಡು ಸ್ವಿಚ್ ಇಟ್ಟು, ನೋಡ್‌ಗಳು ಪರಸ್ಪರ ಮಾತಾಡುವ ಕೊರೊಸಿಂಕ್‌ಗೆ ಎರಡು ಲಿಂಕ್ ಕೊಟ್ಟಿದ್ದೇನೆ.

ಯಾದಗಿರಿ: ಎರಡೇ ಮಷಿನ್ ಇದ್ದರೆ ಆಗಲ್ವಾ ಅಣ್ಣ?

ಕಲಬುರಗಿ: ಗ್ರಾಮಸಭೆಗೆ ಕೋರಂ ಇಲ್ಲ ಅಂತ ಮುಂದೂಡ್ತಾರಲ್ಲ, ಇದೂ ಅದೇ. ಅರ್ಧಕ್ಕಿಂತ ಜಾಸ್ತಿ ಓಟು ಬೇಕು. ಎರಡರಲ್ಲಿ ಒಂದು ಹೋದರೆ ಉಳಿಯೋದು ಅರ್ಧವೇ. ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟು ಕ್ಯೂಡಿವೈಸ್, ಅಂದರೆ ಓಟು ಹಾಕೋಕಷ್ಟೇ ಇರುವ ಸಾಧನ ಮಾಡಿದರೆ ಮೂರನೇ ಓಟು ಸಿಗುತ್ತೆ.

ಬೀದರ್: ಇನ್ನೊಂದು ಮಾತು. ಎಚ್‌ಎ ಅಂದರೆ ನಿಲ್ಲೋದೇ ಇಲ್ಲ ಅಂತಲ್ಲ. ನೋಡ್ ಸತ್ತರೆ ವಿಎಂ ಬೇರೆ ಕಡೆ ಹೊಸದಾಗಿ ಬೂಟ್ ಆಗುತ್ತೆ, ಒಂದೆರಡು ನಿಮಿಷ ಬೇಕು. ಶೇರ್ಡ್ ಸ್ಟೋರೇಜ್ (ಎಲ್ಲ ನೋಡ್‌ಗೂ ಸಿಗುವ ಒಂದೇ ಡಿಸ್ಕ್) ಇಲ್ಲದೆ ಝಡ್‌ಎಫ್‌ಎಸ್ ರೆಪ್ಲಿಕೇಶನ್ (ವಿಎಂ ಡಿಸ್ಕನ್ನು ಆಗಾಗ ಇನ್ನೊಂದು ನೋಡ್‌ಗೆ ಕಾಪಿ ಮಾಡೋದು) ನಂಬಿಕೊಂಡರೆ, ಅದು ನಾವು ಬದಲಿಸದಿದ್ದರೆ 15 ನಿಮಿಷಕ್ಕೊಮ್ಮೆ ನಡೆಯೋದು. ಕೊನೆಯ ಕಾಪಿ ಆದಮೇಲೆ ಬರೆದದ್ದು ಹೋಯಿತು ಅಂತಲೇ ಲೆಕ್ಕ. ಬ್ಯಾಕಪ್ ಬೇರೆಯೇ ಇರಲಿ.

ಯಾದಗಿರಿ, ಎರಡು ವಾರದ ಮೇಲೆ: ಮೂರು ವಿಎಂ ಸೇರಿಸಿದೆ. ಒಂದನ್ನು ಆಫ್ ಮಾಡಿದೆ, ಏನೂ ಆಗಲಿಲ್ಲ. ಎರಡನೆಯದನ್ನೂ ಮಾಡಿದೆ. ಈಗ ಉಳಿದದ್ದರಲ್ಲಿ ಏನು ಬದಲಿಸೋಕೂ ಬಿಡ್ತಿಲ್ಲ. ಕೆಡಿಸಿಬಿಟ್ಟೆನಾ?

ಕಲಬುರಗಿ: ಇಲ್ಲ ತಮ್ಮಾ, ಕೋರಂ ಹೋಗಿದೆ ಅಷ್ಟೇ. ಕಾನ್ಫಿಗ್ ಈಗ ಓದೋಕೆ ಮಾತ್ರ. ಒಂದನ್ನು ಆನ್ ಮಾಡು.