ಸಹಾಯ ಬೇಕು: ಮಂಡಿನೋವಿರುವ ಅಮ್ಮನೊಂದಿಗೆ ನಾರ್ವೆಯ ಫ್ಯೋರ್ಡ್‌ಗಳಿಗೆ

ನಮಸ್ಕಾರ. ನಾರ್ವೆ ನೋಡಿಬಂದವರು, ಅಲ್ಲೇ ನೆಲೆಸಿರುವ ಕನ್ನಡಿಗರು ದಯವಿಟ್ಟು ದಾರಿ ತೋರಿಸಿ. ಫ್ಯೋರ್ಡ್‌ಗಳನ್ನು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ಕವಲುಗಳನ್ನು ನೋಡಲು, ಜೂನ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಬರ್ಗೆನ್ ನಗರಕ್ಕೆ ಹೋಗುತ್ತಿದ್ದೇನೆ. ಕೈಯಲ್ಲಿ ಎಂಟು ದಿನಗಳಿವೆ. ಅಮ್ಮನಿಗೆ 66 ವರ್ಷ. ಸಮತಟ್ಟಾದ ದಾರಿಯಲ್ಲಿ ಆರಾಮಾಗಿ ನಡೆಯುತ್ತಾಳೆ, ಇಳಿಜಾರು ಬಂದರೆ ಮಾತು ನಿಲ್ಲಿಸಿ ನನ್ನ ಭುಜ ಗಟ್ಟಿಯಾಗಿ ಹಿಡಿಯುತ್ತಾಳೆ.

ಲೀಸೆಫ್ಯೋರ್ಡ್‌ನ ನೀರಿನಿಂದ 604 ಮೀಟರ್ ಎತ್ತರದಲ್ಲಿರುವ ಪ್ರೈಕೆಸ್ಟೋಲೆನ್ ಬಂಡೆಯ ಮೇಲೆ ನಿಲ್ಲಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ. ಆದರೆ ಹೋಗಿಬರಲು ಸುಮಾರು 8 ಕಿಲೋಮೀಟರ್, ದಾರಿಯುದ್ದಕ್ಕೂ ಕಲ್ಲು. ಅದನ್ನು ಕೈಬಿಟ್ಟಿದ್ದೇನೆ. ಅಮ್ಮನನ್ನು ಕೋಣೆಯಲ್ಲಿ ಕೂರಿಸಿ ನಾನೊಬ್ಬಳೇ ಹತ್ತಲು ಮನಸ್ಸಿಲ್ಲ.

ಫ್ಲೋಮ್ ರೈಲು ಖಚಿತ: 20 ಕಿಲೋಮೀಟರ್ ಹಳಿ, ಸಮುದ್ರಮಟ್ಟದ ಬಳಿಯಿಂದ 867 ಮೀಟರ್ ಎತ್ತರದ ಮಿರ್ದಾಲ್‌ವರೆಗೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ದೋಣಿಯಲ್ಲಿ ನೆರೋಯ್‌ಫ್ಯೋರ್ಡ್ ನೋಡುವ ಯೋಚನೆಯೂ ಇದೆ. ದೋಣಿ ಹತ್ತುವಲ್ಲಿ ಮೆಟ್ಟಿಲುಗಳಿವೆಯೇ, ಇಳಿಜಾರು ಹಲಗೆಯೇ? ಇದೇ ನನ್ನ ದೊಡ್ಡ ಚಿಂತೆ.

ನೆರೋಯ್‌ಫ್ಯೋರ್ಡ್ ಮತ್ತು ಗೈರಾಂಗರ್‌ಫ್ಯೋರ್ಡ್ ಎರಡೂ 2005ರಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಒಂದನ್ನು ನೋಡಿದ ಮೇಲೆ ಇನ್ನೊಂದಕ್ಕಾಗಿ ಅಷ್ಟು ದೂರ ಹೋಗಬೇಕೇ, ಅಥವಾ ಆ ದಿನಗಳನ್ನು ಫ್ಲೋಮ್ ಬಳಿಯ ಔರ್‌ಲಾಂಡ್‌ನಲ್ಲೇ ನಿಧಾನವಾಗಿ ಕಳೆಯುವುದು ಒಳ್ಳೆಯದೇ? ಸ್ಟೇಗಸ್ಟೈನ್ ವೀಕ್ಷಣಾ ಕಟ್ಟೆಗೆ ಬಸ್ಸಿನಿಂದ ಇಳಿದ ಮೇಲೆ ಎಷ್ಟು ನಡೆಯಬೇಕು?

ಬರ್ಗೆನ್ನಿನ ಮಳೆಗೆ ಛತ್ರಿ ಸಾಕೇ, ರೈನ್‌ಕೋಟೇ ಬೇಕೇ? ಅಮ್ಮ ಈಗಲೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಡುತ್ತಿದ್ದಾಳೆ. ವಯಸ್ಸಾದವರನ್ನು ಕರೆದೊಯ್ದವರು ನಿಮ್ಮ ಅನುಭವವನ್ನು ಎರಡು ಸಾಲಾದರೂ ಬರೆಯಿರಿ.