.ಕಾಮ್‌ಗೆ 4 ಲಕ್ಷ, .ಇನ್‌ಗೆ 80 ಸಾವಿರ ಕೇಳುತ್ತಿದ್ದಾರೆ: ಎರಡೂ ಸೈಬರ್‌ಸ್ಕ್ವಾಟಿಂಗೇ?

ಮಸಾಲೆಡಬ್ಬಿ:
ಆಡುಮಾತಿನ ಪದವೊಂದನ್ನೇ ಬ್ರ್ಯಾಂಡ್ ಮಾಡಿಕೊಂಡ ಮಸಾಲೆಪುಡಿ ಉದ್ಯಮದ ಪರವಾಗಿ ಕೇಳುತ್ತಿದ್ದೇನೆ. ಮಾರಾಟ 2019ರಿಂದ, 30ನೇ ವರ್ಗದಲ್ಲಿ (ಮಸಾಲೆ ಮೊದಲಾದ ಆಹಾರ ಪದಾರ್ಥಗಳ ಗುಂಪು) ಟ್ರೇಡ್‌ಮಾರ್ಕ್ ನೋಂದಣಿ 2021ರಲ್ಲಿ. ಅದೇ ಹೆಸರಿನ .ಕಾಮ್ ಡೊಮೇನ್ (ಜಾಲತಾಣದ ವಿಳಾಸ) 2011ರಲ್ಲೇ ನೋಂದಣಿಯಾಗಿದೆ. ತೆರೆದರೆ ‘ಮಾರಾಟಕ್ಕಿದೆ’ ಎಂಬ ಪುಟ, ಬೆಲೆ 4 ಲಕ್ಷ. .ಇನ್ ಅನ್ನು 2023ರಲ್ಲಿ ಬೇರೊಬ್ಬರು ತೆಗೆದುಕೊಂಡಿದ್ದಾರೆ; ಕ್ಲಿಕ್ ಮಾಡಿದರೆ ಇನ್ನೊಂದು ಮಸಾಲೆ ಅಂಗಡಿಯ ಜಾಲತಾಣ ತೆರೆಯುತ್ತದೆ. ಬಿಟ್ಟುಕೊಡಲು 80 ಸಾವಿರ ಕೇಳಿ ಮೇಲ್ ಬಂದಿದೆ. ಬೇರೆಯವರ ಬ್ರ್ಯಾಂಡಿನ ಹೆಸರನ್ನು ಹಿಡಿದಿಟ್ಟು ದುಡ್ಡು ಕೇಳುವ ಸೈಬರ್‌ಸ್ಕ್ವಾಟಿಂಗ್ ಇದು ಎಂದು ದೂರು ಕೊಡುವುದೋ, ದುಡ್ಡು ಕೊಡುವುದೋ?

ಪೋರ್ಟ್ 53:
ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

.ಕಾಮ್ ದೂರು, ಡೊಮೇನ್ ಹೆಸರುಗಳ ಜಾಗತಿಕ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ವಿವಾದ ಪರಿಹಾರ ನೀತಿಯಾದ ಯುಡಿಆರ್‌ಪಿ ಅಡಿ ನಡೆಯುತ್ತದೆ. ಹೆಸರು ನಿಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಅವರಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶದಿಂದಲೇ ನೋಂದಾಯಿಸಿ ದುರುದ್ದೇಶದಿಂದಲೇ ಬಳಸುತ್ತಿದ್ದಾರೆ ಎಂಬ ಮೂರನ್ನೂ ನೀವು ಸಾಬೀತು ಮಾಡಬೇಕು. 2011ರಲ್ಲಿ ನಿಮ್ಮ ಬ್ರ್ಯಾಂಡೇ ಇರಲಿಲ್ಲ. ಇಲ್ಲದ ಬ್ರ್ಯಾಂಡಿನ ಮೇಲೆ ಕಣ್ಣಿಟ್ಟರು ಎನ್ನುವುದು ನಿಲ್ಲುವುದಿಲ್ಲ. ವರ್ಷವರ್ಷ ನವೀಕರಿಸಿದ್ದು ಹೊಸ ನೋಂದಣಿ ಅಲ್ಲ. ಮೇಲಾಗಿ ಅದು ನಿಘಂಟಿನ ಪದ, ಅಂಥದ್ದನ್ನು ಕೊಂಡು ಮಾರುವುದು ತಪ್ಪಲ್ಲವೆಂದು ದೂರು ತೀರ್ಮಾನಿಸುವ ಪ್ಯಾನೆಲ್‌ಗಳು ಮತ್ತೆಮತ್ತೆ ಹೇಳಿವೆ. ಇಂಥ ದೂರು ನಡೆಸುವ ವಿಶ್ವಸಂಸ್ಥೆಯ ಅಂಗ ವೈಪೋದಲ್ಲಿ ಒಬ್ಬರೇ ಪ್ಯಾನೆಲಿಸ್ಟ್ ಇದ್ದರೂ ಶುಲ್ಕ 1,500 ಡಾಲರ್. ಸೋತರೆ ಅಷ್ಟೂ ಹೋಯಿತು. ಜೊತೆಗೆ ‘ಹೆಸರು ಕಸಿಯಲು ಮಾಡಿದ ದೂರು’ ಎಂದು ತೀರ್ಪಿನಲ್ಲೇ ಬರೆಯಬಹುದು, ಆ ತೀರ್ಪು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ.

.ಇನ್ ಕಥೆ ಬೇರೆ. ಅದು .ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿಯ ಇಂಥದ್ದೇ ನೀತಿಯಾದ ಐಎನ್‌ಡಿಆರ್‌ಪಿ ಅಡಿ ಬರುತ್ತದೆ. ಅಲ್ಲಿ ದುರುದ್ದೇಶದ ನೋಂದಣಿ ಅಥವಾ ದುರುದ್ದೇಶದ ಬಳಕೆ, ಯಾವುದಾದರೂ ಒಂದು ಸಾಕು. ನಿಮ್ಮ ಗ್ರಾಹಕರನ್ನು ಪ್ರತಿಸ್ಪರ್ಧಿಯ ಅಂಗಡಿಗೆ ತಿರುಗಿಸಿ, ಮೇಲೆ ನಿಮ್ಮ ಬಳಿಯೇ 80 ಸಾವಿರ ಕೇಳುವುದು ಅಪ್ಪಟ ಸ್ಕ್ವಾಟಿಂಗ್. ಒಬ್ಬ ಮಧ್ಯಸ್ಥಗಾರರು ಕಡತ ನೋಡಿ ತೀರ್ಮಾನಿಸುತ್ತಾರೆ. ತೀರ್ಮಾನಕ್ಕೆ ಗಡುವು 60 ದಿನ, ಬೇಕಾದರೆ ಇನ್ನು 30.

ಆ ಮೇಲ್‌ಗೆ ಈಗಲೇ ಉತ್ತರಿಸಬೇಡಿ, ಬೆದರಿಸಲೂ ಬೇಡಿ. ಸುಳಿವು ಸಿಕ್ಕರೆ ರೀಡೈರೆಕ್ಟ್ ತೆಗೆದುಬಿಡುತ್ತಾರೆ ಇಲ್ಲವೇ ಬೇರೆ ಹೆಸರಿಗೆ ವರ್ಗಾಯಿಸುತ್ತಾರೆ. ಮೊದಲು ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಆ ಮೇಲ್‌ನ ಪೂರ್ತಿ ಹೆಡರ್ (ಎಲ್ಲಿಂದ, ಯಾವಾಗ ಬಂತೆಂಬ ವಿವರ), ಟ್ರೇಡ್‌ಮಾರ್ಕ್ ಪ್ರಮಾಣಪತ್ರ, 2019ರಿಂದ 2023ರವರೆಗಿನ ಇನ್‌ವಾಯ್ಸ್ ಮತ್ತು ಜಾಹೀರಾತು ಕೂಡಿಸಿಟ್ಟುಕೊಳ್ಳಿ. ಪದ ಸಾಮಾನ್ಯವಾದ್ದರಿಂದ ಕೊನೆಯ ಎರಡು ಬಹಳ ಮುಖ್ಯ: ಜನ ಆ ಹೆಸರನ್ನು ನಿಮ್ಮ ಪುಡಿಯೊಂದಿಗೇ ಗುರುತಿಸುತ್ತಿದ್ದರು ಎಂಬುದಕ್ಕೆ ಅವೇ ಆಧಾರ.

ನೇತ್ರಾವತಿ:
ಕಾನೂನು ಸರಿ, ಆದರೆ .ಕಾಮ್ ಒಡೆಯರನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ರಿಜಿಸ್ಟ್ರಿಗೆ (.ಕಾಮ್ ಹೆಸರುಗಳ ಪೂರ್ತಿ ಪಟ್ಟಿ ಇಟ್ಟುಕೊಳ್ಳುವ ಸಂಸ್ಥೆ) ವರ್ಷಕ್ಕೆ ಹತ್ತು ಡಾಲರ್ ಚಿಲ್ಲರೆ ಕಟ್ಟಿ ಪದಗಳನ್ನು ಕಣಜದಲ್ಲಿ ತುಂಬಿಡುವ ವ್ಯವಸ್ಥೆಯೇ ತಪ್ಪು. ಬಳಸುವವನಿಗೆ ಸಿಗದ ಹೆಸರಿನಿಂದ ಯಾರಿಗೂ ಉಪಯೋಗವಿಲ್ಲ. ಕನ್ನಡ ಲಿಪಿಯ .ಭಾರತ ಹೆಸರುಗಳಿಗೂ ನಾಳೆ ಇದೇ ಗತಿ ಬರಬಾರದು.

ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯೂ ಇಲ್ಲ. 2004ರ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ಪಾಸಿಂಗ್ ಆಫ್ (ತಮ್ಮ ಸರಕನ್ನು ಇನ್ನೊಬ್ಬರದೆಂದು ನಂಬಿಸುವುದು) ವಿರುದ್ಧದ ರಕ್ಷಣೆ ಇದೆ ಎಂದಿತು, ಇವತ್ತಿಗೂ ವಕೀಲರು ಅದನ್ನೇ ಹಿಡಿದು ಹೋಗುತ್ತಾರೆ. ಅಮೆರಿಕದ 1999ರ ಕಾಯ್ದೆಯಲ್ಲಿ ಒಂದೊಂದು ಹೆಸರಿಗೆ 1,000ದಿಂದ 1 ಲಕ್ಷ ಡಾಲರ್‌ವರೆಗೆ ಪರಿಹಾರ ಸಿಗಬಹುದು. ಯುಡಿಆರ್‌ಪಿಯಲ್ಲಿ ಗೆದ್ದರೂ ಹೆಸರು ಸಿಗುತ್ತದೆ ಅಥವಾ ರದ್ದಾಗುತ್ತದೆ, ನಷ್ಟಕ್ಕೆ ಬಿಡಿಗಾಸೂ ಇಲ್ಲ. ಹಾಗಾಗಿ ಸಿಕ್ಕಿಬಿದ್ದವನಿಗೆ ಭಯವೇ ಇಲ್ಲ.

ಪೋರ್ಟ್ 53:
ಶಿಕ್ಷೆ ಕಡಿಮೆ ಎಂಬುದು ನಿಜ. ಆದರೆ ‘ಬಳಸದಿದ್ದರೆ ಕಿತ್ತುಕೊಳ್ಳಿ’ ಎಂಬ ನಿಯಮ ಬಂದರೆ ಮೊದಲು ಕಳೆದುಕೊಳ್ಳುವವರು ಸಣ್ಣವರೇ. ದೊಡ್ಡ ಕಂಪನಿ ನಾಳೆ ಅದೇ ಪದಕ್ಕೆ ಟ್ರೇಡ್‌ಮಾರ್ಕ್ ಪಡೆದು, ಹತ್ತು ವರ್ಷ ಹಿಂದಿನ ವೈಯಕ್ತಿಕ ಮೇಲ್ ಡೊಮೇನನ್ನೂ ಕೇಳುತ್ತದೆ. ಬಳಸದೆ ಇಟ್ಟುಕೊಂಡವರೆಲ್ಲ ಪಾರಾಗುತ್ತಾರೆ ಎಂದೂ ಅಲ್ಲ. ಯುಡಿಆರ್‌ಪಿ ಅಡಿ ಬಂದ 2000ದ ಟೆಲ್‌ಸ್ಟ್ರಾ ತೀರ್ಪಿನಿಂದ, ಹೆಸರಾಂತ ಬ್ರ್ಯಾಂಡಿನ ಹೆಸರನ್ನು ಸುಮ್ಮನೆ ಹಿಡಿದಿಟ್ಟುಕೊಂಡರೂ ದುರುದ್ದೇಶ ಎಂದು ಪರಿಗಣಿಸಬಹುದು.

ಮಸಾಲೆಡಬ್ಬಿ:
.ಕಾಮ್‌ನ ಹಳೆಯ ಪುಟಗಳನ್ನು ವೇಬ್ಯಾಕ್‌ನಲ್ಲಿ ನೋಡಿದೆ. 2016ರಲ್ಲಿ ಅಡುಗೆ ಬ್ಲಾಗ್ ಇತ್ತು, 2022ರಿಂದ ಮಾರಾಟದ ಪುಟ. ಒಡೆಯರು ಬದಲಾಗಿದ್ದರೆ?

ಪೋರ್ಟ್ 53:
ಬದಲಾಗಿದ್ದರೆ ಲೆಕ್ಕಕ್ಕೆ ಬರುವುದು ಈಗಿನವರು ಕೊಂಡ ದಿನಾಂಕ, 2011 ಅಲ್ಲ. ಆದರೆ ಪುಟ ಬದಲಾದದ್ದು ಒಡೆಯ ಬದಲಾದದ್ದಕ್ಕೆ ಸಾಕ್ಷಿಯಲ್ಲ. ಡೊಮೇನ್ ನೋಂದಣಿಯ ವಿವರ ತೋರಿಸುವ ಆರ್‌ಡಿಎಪಿಯ ‘ಸೃಷ್ಟಿ ದಿನಾಂಕ’ವೂ ಅದನ್ನು ಹೇಳುವುದಿಲ್ಲ. ಹಳೆಯ ಹೂಈಸ್ (ಡೊಮೇನ್ ಒಡೆಯರ ವಿವರ) ದಾಖಲೆ ಮಾರುವ ಸೇವೆಗಳಿವೆ, ಆದರೆ 2018ರ ನಂತರ ಹೆಚ್ಚಿನ ಒಡೆಯರ ಹೆಸರುಗಳು ಮುಚ್ಚಿಹೋಗಿವೆ. 2022ರಲ್ಲೇ ಕೊಂಡಿದ್ದರೂ, ನಿಮ್ಮನ್ನು ಗುರಿಯಾಗಿಸಿ ಕೊಂಡರು ಎಂದು ತೋರಿಸಬೇಕು. ನಿಘಂಟಿನ ಪದಕ್ಕೆ ಅದು ಕಷ್ಟ.

ಕೆಂಡಸಂಪಿಗೆ:
ಕೊಳ್ಳುವುದೇ ಆದರೆ ಬೆಲೆಪಟ್ಟಿಗೆ ಹೆದರಬೇಡಿ, ಕೇಳಿದ್ದು ಕೊಡುವ ಬೆಲೆಯಲ್ಲ. ಕಂಪನಿಯ ಮೇಲ್‌ನಿಂದ ವಿಚಾರಿಸಬೇಡಿ. ಹಣ ಎಸ್ಕ್ರೋದಲ್ಲಿ (ನಡುವಿನ ಮೂರನೆಯವರ ಬಳಿ) ಇರಲಿ, ಆಥ್ ಕೋಡ್ (ಹೆಸರು ವರ್ಗಾಯಿಸುವ ಗುಪ್ತ ಸಂಕೇತ) ಕೊಟ್ಟ ಕೂಡಲೇ ಅಲ್ಲ, ಹೆಸರು ನಿಮ್ಮ ಖಾತೆಯಲ್ಲಿ ಕಂಡ ಮೇಲಷ್ಟೇ ಬಿಡುಗಡೆಯಾಗಬೇಕು. ಇಬ್ಬರದೂ ಒಂದೇ ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಆಗಿದ್ದರೆ ಖಾತೆಯಿಂದ ಖಾತೆಗೆ ತಳ್ಳಿಸಿಕೊಳ್ಳಿ, ಬೇಗ ಮುಗಿಯುತ್ತದೆ.

ಅವಧಿ ಮುಗಿದು ಬೀಳಲಿ ಎಂದು ಕಾಯಬೇಡಿ. ಮುಗಿದ ಮೇಲೆ 45 ದಿನದವರೆಗೆ ನವೀಕರಣದ ಕಾಲ, ಅಳಿಸಿದರೆ 30 ದಿನ ಮರಳಿ ಪಡೆಯುವ ಕಾಲ, ಆಮೇಲೆ ಪೂರ್ತಿ ತೆರವಾಗಲು 5 ದಿನ. ಒಳ್ಳೆಯ ಹೆಸರಾದರೆ ಅಲ್ಲಿಯವರೆಗೂ ಬರುವುದಿಲ್ಲ, ಎಷ್ಟೋ ರಿಜಿಸ್ಟ್ರಾರ್‌ಗಳು ಮೊದಲ ಹಂತದಲ್ಲೇ ಹರಾಜಿಗಿಡುತ್ತಾರೆ. .ಇನ್ ದೂರು ಮೊದಲು ಮುಗಿಸಿ. ಆ ಹೆಸರು ಕೈಗೆ ಬಂದರೆ .ಕಾಮ್ ಚೌಕಾಸಿಯಲ್ಲಿ ಅವಸರ ಇರುವುದಿಲ್ಲ.