ತೋಟಕ್ಕೂ ಹವ್ಯಾಸಕ್ಕೂ ಆಗುವ ಪವರ್‌ಫುಲ್ ಟಾರ್ಚ್ ಯಾವುದು?

ಕೇಳಿದವರು, ಬ್ರಹ್ಮಾವರ
ಮನೆ ಹಿಂದೆ ಅಡಿಕೆ ತೋಟ, ಅದರಾಚೆ ತೋಡು. ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋದಾಗ ಅಲ್ಲಿವರೆಗೆ ಹೋಗಿ ನೋಡಲೇಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ‘1 ಲಕ್ಷ ಲುಮೆನ್’ ಎಂಬ ಟಾರ್ಚ್ 800 ರೂಪಾಯಿಗೆ ಉಂಟು. ನಂಬಬಹುದಾ? ಈಗ ಒಂದು ಒಳ್ಳೆಯದು ತಗೊಂಡು, ಆಮೇಲೆ ಒಂದೊಂದೇ ಸೇರಿಸುವ ಆಸೆ. ಬಳಸಿದವರು ಹೇಳಿ.

ಸುರತ್ಕಲ್‌ನಿಂದ
1 ಲಕ್ಷ ಲುಮೆನ್ ಟಾರ್ಚ್ ನಿಜವಾಗಿ ಉಂಟು ಮಾರಾಯ್ರೆ. ಇಮಾಲೆಂಟ್ ಎಂಎಸ್18. ಅದರಲ್ಲಿ 18 ಎಲ್‌ಇಡಿ, 8 ಬ್ಯಾಟರಿ, ತಂಪು ಮಾಡಲು ಒಳಗೇ ಫ್ಯಾನ್. 800 ರೂಪಾಯಿಗೆ ಅದರ ಬ್ಯಾಟರಿಯೂ ಬರುವುದಿಲ್ಲ.

ಲುಮೆನ್ ಅಂದರೆ ಹೊರಗೆ ಬರುವ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಕ್ಯಾಂಡೆಲಾ ನೋಡಿ. 10,000 ಕ್ಯಾಂಡೆಲಾ ಇದ್ದರೆ ಡಬ್ಬದ ಮೇಲೆ 200 ಮೀಟರ್ ಎಂದಿರುತ್ತದೆ. 400 ಮೀಟರ್ ಬೇಕಾದರೆ 40,000 ಬೇಕು. ಇನ್ನೊಂದು ವಿಷಯ, ಆ 200 ಮೀಟರ್ ಕೊನೆಯಲ್ಲಿ ಬೀಳುವುದು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು. ಅಲ್ಲಿ ಏನಿದೆ ಎಂದು ಗುರುತು ಸಿಗಬೇಕಾದರೆ ಅರ್ಧ ದೂರ ಲೆಕ್ಕ ಹಾಕಿ. ‘3 ಗಂಟೆ ಉರಿಯುತ್ತದೆ’ ಎನ್ನುವುದೂ ಹಾಗೆಯೇ, ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. ಟರ್ಬೋ (ಅತಿ ಹೆಚ್ಚು ಬೆಳಕಿನ ಮೋಡ್) ಒತ್ತಿದರೆ ಕೆಲವೇ ನಿಮಿಷದಲ್ಲಿ ಬಿಸಿಯಾಗಿ ತಾನೇ ಕಡಿಮೆಯಾಗುತ್ತದೆ.

ನಮ್ಮ ಮಳೆಗೆ ಲುಮೆನ್‌ಗಿಂತ ಬೆಳಕಿನ ಬಣ್ಣ ಮುಖ್ಯ, ಅದರ ಅಳತೆ ಕೆಲ್ವಿನ್. 6500 ಕೆಲ್ವಿನ್‌ನ ನೀಲಿ ಬಿಳುಪಿನಲ್ಲಿ ಒದ್ದೆ ತರಗೆಲೆ, ಮಣ್ಣು, ಬೇರು ಎಲ್ಲ ಒಂದೇ ಬೂದಿ ಬಣ್ಣ. ಕನ್ನಡಿ ಹಾವು ಅದರ ಮೇಲೆ ಮಲಗಿದ್ದರೆ ಕಾಲು ಇಡುವವರೆಗೆ ಗೊತ್ತಾಗಲಿಕ್ಕಿಲ್ಲ. 4000ದಿಂದ 5000ದೊಳಗಿನದ್ದು ತಗೊಳ್ಳಿ, ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದಕ್ಕೆ ನೂರರ ಅಳತೆ) 90 ದಾಟಿದರೆ ಇನ್ನೂ ಒಳ್ಳೆಯದು. ಮಳೆಯಲ್ಲಿ ಟಾರ್ಚ್ ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಕಣ್ಣಿನ ಹತ್ತಿರ ಹಿಡಿದರೆ ಹನಿಗಳೇ ಹೊಳೆದು ಎದುರಿಗೆ ಬಿಳಿ ಪರದೆ ಬಿಟ್ಟಂತೆ ಆಗುತ್ತದೆ. ತಲೆಗೆ ಕಟ್ಟುವ ಲೈಟಿನ ದೊಡ್ಡ ಕಿರಿಕಿರಿಯೇ ಅದು.

ಕಾರ್ಕಳದಿಂದ
ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ. 18650 ಅಂದರೆ 18 ಮಿಮೀ ದಪ್ಪ, 65 ಮಿಮೀ ಉದ್ದ. ಒಳ್ಳೆಯ ಕಂಪನಿಯದ್ದಾದರೆ 3500 ಎಂಎಎಚ್ ಆಸುಪಾಸು. ಮೇಲೆ 9900 ಎಂದು ಬರೆದಿದ್ದರೆ ಸುಳ್ಳು, ಮುಟ್ಟಲೇಬೇಡಿ. ಅನುಮಾನ ಬಂದರೆ ತೂಕ ಮಾಡಿ ನೋಡಿ. ಸರಿಯಾದದ್ದು 45 ಗ್ರಾಂ ಹತ್ತಿರ ತೂಗುತ್ತದೆ, ಡೂಪ್ಲಿಕೇಟ್ ಎಷ್ಟೋ ಸಲ ತೀರಾ ಹಗುರ. ಮೇಲಿನ ಪ್ಲಾಸ್ಟಿಕ್ ಹರಿದ ಬ್ಯಾಟರಿ ಬಳಸಬೇಡಿ. ಹೊಸದಾಗಿ ಕೊಳ್ಳುವುದಾದರೆ 21700 ಸೈಜಿನ ಟಾರ್ಚೇ ಇರಲಿ, 5000 ಎಂಎಎಚ್ ಆರಾಮಾಗಿ ಸಿಗುತ್ತದೆ.

ಮಂಗಳೂರು, ಬಿಜೈ
ಸಂಗ್ರಹದ ಆಸೆ ಇದ್ದರೆ ಕಾನ್ವಾಯ್ ಎಸ್2 ಪ್ಲಸ್ ಟಾರ್ಚ್‌ನಿಂದ ಶುರು ಮಾಡಿ. ಚಿಕ್ಕ ಕೊಳವೆ, ಬೆಲೆಯೂ ಜಾಸ್ತಿ ಇಲ್ಲ, ಬಿಚ್ಚಿ ಎಲ್‌ಇಡಿ ಬದಲಾಯಿಸಬಹುದು. ನಿಚಿಯಾ 519ಎ ಎಲ್‌ಇಡಿ ಹಾಕಿದ್ದರಲ್ಲಿ ದಾಸವಾಳದ ಕೆಂಪು ಕೆಂಪಾಗಿಯೇ ಕಾಣುತ್ತದೆ. ದೂರ ಹೊಡೆಯಲು ಎಸ್‌ಎಫ್‌ಟಿ40 ಎಲ್‌ಇಡಿ ಇರುವುದು ಇನ್ನೊಂದು. ಈ ಎರಡು ಕೈಯಲ್ಲಿದ್ದರೆ ನಿಮಗೆ ಯಾವ ಬೆಳಕು ಇಷ್ಟ ಎಂದು ತಿಳಿಯುತ್ತದೆ, ಸುಮ್ನೆ ಹತ್ತು ಟಾರ್ಚ್ ಗುಡ್ಡೆ ಹಾಕುವುದು ತಪ್ಪುತ್ತದೆ.

ಆಂಡುರಿಲ್ ಎಂಬ, ಟಾರ್ಚ್ ನಡೆಸುವ ಸಾಫ್ಟ್‌ವೇರ್ ಇರುವವು ಮಜಾ. ಒಂದೇ ಗುಂಡಿಯಲ್ಲಿ ಎಲ್ಲ ಆಟ, ಮಿಂಚಿನ ಮೋಡ್ ಕೂಡ ಉಂಟು (ಮೇ ತಿಂಗಳಲ್ಲಿ ನಮಗೆ ಅದು ಆಕಾಶದಲ್ಲೇ ಫ್ರೀ). ಆದರೆ ಮನೆಯ ಹಿರಿಯರ ಕೈಗೆ ಕೊಡಬೇಡಿ, ಬೈಗುಳ ತಿನ್ನುತ್ತೀರಿ.

ಮಲ್ಪೆಯಿಂದ
ಕಡಲ ಬದಿ ಉಪ್ಪು ಗಾಳಿಗೆ ಟಾರ್ಚಿನ ಹಿಂದಿನ ಮುಚ್ಚಳದ ತಿರುಪಿನ ಗೆರೆ ಬೇಗ ಕಪ್ಪಾಗುತ್ತದೆ. ಬಟ್ಟೆಯಿಂದ ಒರೆಸಿ, ಓ-ರಿಂಗಿಗೆ (ನೀರು ತಡೆಯುವ ರಬ್ಬರ್ ಬಳೆ) ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಬೇಡ. ನೀರು ಒಳಗೆ ಹೋಗುವುದಿಲ್ಲ ಎಂಬ ಐಪಿ68 ಗುರುತು ಇದ್ದರೂ ಆ ರಿಂಗ್ ಹರಿದರೆ ನೀರು ಒಳಗೆ. ಚೀಲದಲ್ಲಿಡುವಾಗ ಮುಚ್ಚಳ ಕಾಲು ಸುತ್ತು ಸಡಿಲಿಸಿ. ಹೆಚ್ಚಿನವುಗಳಲ್ಲಿ ಅಷ್ಟಕ್ಕೇ ಕನೆಕ್ಷನ್ ತಪ್ಪುತ್ತದೆ, ತಾನಾಗಿ ಹೊತ್ತಿಕೊಂಡು ಬಟ್ಟೆ ಸುಡುವ ಭಯ ಇಲ್ಲ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. 21700, 5000 ಕೆಲ್ವಿನ್, ಅಲ್ವಾ? ಭಾವ ಮುಂದಿನ ತಿಂಗಳು ದುಬೈಯಿಂದ ಬರ್ತಾರೆ, ಅವರ ಕೈಯಲ್ಲೇ ತರಿಸುತ್ತೇನೆ.

ಕಾರ್ಕಳದಿಂದ
ಸರಿ. ಆದರೆ ಭಾವನಿಗೆ ಈಗಲೇ ಹೇಳಿಡಿ, ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೈಚೀಲದಲ್ಲೇ ತರಬೇಕು.